ಕಾಲರ್ ಮೇಲಿನ ಹಕ್ಕಿ ಲೆಕ್ಕ: ಹಳೆಯ ವಾಯುಪಡೆ ಅಧಿಕಾರಿಗಳ ಗುರುತು ಓದುವುದು ಹೇಗೆ?

1942ರ ನವೆಂಬರ್‌ನಲ್ಲಿ ಜರ್ಮನಿಯ ಫೈಟರ್ ಪೈಲಟ್ ಅಡಾಲ್ಫ್ ಗಾಲಂಡ್‌ಗೆ ಬಡ್ತಿ ಸಿಕ್ಕಿತು. ವಯಸ್ಸು ಇನ್ನೂ 30. ಅದಕ್ಕೆ ಮುಂಚೆ ಅವನ ಕಾಲರ್ ಮೇಲೆ ರೆಕ್ಕೆ ಚಾಚಿದ ಮೂರು ಹಕ್ಕಿಗಳಿದ್ದವು. ಬಡ್ತಿಯಾದ ಮೇಲೆ ಒಂದೇ ಹಕ್ಕಿ ಉಳಿಯಿತು. ಎರಡು ಫೋಟೋ ಪಕ್ಕಪಕ್ಕ ಇಟ್ಟು ನೋಡಿದವರು, ಪಾಪ, ಏನೋ ಎಡವಟ್ಟು ಮಾಡಿಕೊಂಡು ಕೆಳಗಿಳಿದಿದ್ದಾನೆ ಅಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಅವನು ಕರ್ನಲ್ ದರ್ಜೆ ದಾಟಿ ಜನರಲ್ ಆಗಿದ್ದ.

ಹಕ್ಕಿ ಎಣಿಸುವುದು ಕೊನೆಯ ಕೆಲಸ. ಅದನ್ನೇ ಮೊದಲು ಮಾಡಿದರೆ ದಾರಿ ತಪ್ಪುತ್ತದೆ. ಕಾಲರ್ ಪಟ್ಟಿಯನ್ನು ವಿಳಾಸ ಓದಿದ ಹಾಗೆ ಓದಬೇಕು: ಮೊದಲು ಊರು, ಆಮೇಲೆ ಬೀದಿ, ಕೊನೆಗೆ ಮನೆ ನಂಬರ್. ಬರೀ ಮನೆ ನಂಬರ್ ಇಟ್ಟುಕೊಂಡು ಹೋದರೆ ಯಾರ ಮನೆ ಸಿಗುತ್ತದೆ?

ಸಮವಸ್ತ್ರದ ಮೇಲಿನ ಗುರುತು ಮುಖ್ಯವಾಗಿ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಇವನು ಯಾವ ಪಡೆಯವನು, ಆ ಪಡೆಯಲ್ಲಿ ಯಾವ ವಿಭಾಗದವನು, ದರ್ಜೆ ಏನು. ಈ ಮೂರರಲ್ಲಿ ಯಾವುದನ್ನು ಕಾಲರ್‌ಗೆ ಬಿಡಬೇಕು, ಯಾವುದನ್ನು ಭುಜಕ್ಕೆ ಅಥವಾ ತೋಳಿಗೆ ಕಳಿಸಬೇಕು ಅನ್ನುವುದರಲ್ಲಿ ಒಂದೊಂದು ದೇಶದ ದಾರಿ ಒಂದೊಂದು. ಭೂಸೇನೆಗೂ ನೌಕಾಪಡೆಗೂ ಶತಮಾನಗಳ ಸಂಪ್ರದಾಯ ಇತ್ತು. ವಾಯುಪಡೆ ಹುಟ್ಟಿದ್ದೇ 20ನೇ ಶತಮಾನದಲ್ಲಿ. ಹಾಗಾಗಿ ಯಾರಿಂದ ಎಷ್ಟು ಎರವಲು ತರಬೇಕು, ಎಷ್ಟು ಹೊಸದಾಗಿ ಕಟ್ಟಬೇಕು ಅಂತ ಎಲ್ಲರೂ ಕೂತು ತೀರ್ಮಾನ ಮಾಡಬೇಕಾಯಿತು. ಎಲ್ಲವನ್ನೂ ಕಾಲರ್‌ಗೇ ತುಂಬಿದವರು ಜರ್ಮನ್ನರು. ಅದಕ್ಕೇ ಅಲ್ಲಿಂದ ಶುರು ಮಾಡುವುದು ಒಳ್ಳೆಯದು.

ಮೊದಲ ಮಹಾಯುದ್ಧ ಸೋತ ಜರ್ಮನಿಗೆ ವರ್ಸೇಲ್ಸ್ ಒಪ್ಪಂದದ ಪ್ರಕಾರ ವಾಯುಪಡೆ ಇಟ್ಟುಕೊಳ್ಳುವ ಹಾಗೇ ಇರಲಿಲ್ಲ. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ವಾಯು ಕ್ರೀಡಾ ಸಂಘ ಅನ್ನುವ ಹೆಸರಲ್ಲಿ ಒಂದು ಸಂಸ್ಥೆ ಎದ್ದಿತು. ಹೆಸರಿಗೆ ಕ್ರೀಡೆ, ಗ್ಲೈಡರ್ ಹಾರಾಟ. ನಿಜಕ್ಕೂ ನಡೆಯುತ್ತಿದ್ದದ್ದು ಮುಂದಿನ ವಾಯುಪಡೆಯ ತಯಾರಿ. ಕ್ರೀಡಾ ಸಂಘದವರಿಗೆ ನೀಲಿ ಮಿಶ್ರಿತ ಬೂದು ಬಣ್ಣದ ಸಮವಸ್ತ್ರ, ಟೈ, ಕಾಲರ್ ಮೇಲೆ ರೆಕ್ಕೆಯ ಗುರುತು ಯಾಕೆ ಬೇಕಿತ್ತು ಅಂತ ಯಾರಾದರೂ ಕೇಳಬಹುದಿತ್ತು. 1935ರಲ್ಲಿ ಹಿಟ್ಲರ್ ಸರ್ಕಾರ ಮುಸುಕು ತೆಗೆದು ಲುಫ್ಟ್‌ವಾಫೆಯನ್ನು, ಅಂದರೆ ಜರ್ಮನ್ ವಾಯುಪಡೆಯನ್ನು, ಬಹಿರಂಗವಾಗಿ ಘೋಷಿಸಿತು. ಆಗ ಹೊಸ ಉಡುಪು ಹೊಲಿಸುವ ಗಡಿಬಿಡಿ ಜಾಸ್ತಿ ಇರಲಿಲ್ಲ. ಆ ರೆಕ್ಕೆಗಳೇ ಹೊಸ ಪಡೆಯ ಕಾಲರ್‌ಗೂ ಬಂದವು.

ಈಗ ಆ ಪಟ್ಟಿಯನ್ನೇ ಹತ್ತಿರದಿಂದ ನೋಡೋಣ. ಕಾಲರ್‌ನ ಎರಡೂ ತುದಿಗೆ ಒಂದೊಂದು ಬಟ್ಟೆಯ ತುಂಡು. ಆಕಾರ ಓರೆಯಾದ ಚತುರ್ಭುಜ. ಎಡದ್ದೂ ಬಲದ್ದೂ ಕನ್ನಡಿಯ ಪ್ರತಿಬಿಂಬದ ಹಾಗೆ ಇರುತ್ತವೆ. ಸಾಮಾನ್ಯ ಸೈನಿಕನದಾದರೆ ಹಕ್ಕಿಗಳು ಲೋಹದವು, ಬಟ್ಟೆಗೆ ಸಿಕ್ಕಿಸಿದ್ದು. ಅಧಿಕಾರಿಯದಾದರೆ ಬೆಳ್ಳಿ ಬಣ್ಣದ ಲೋಹದ ಎಳೆಯಲ್ಲಿ ಕೈಯಿಂದ ಮಾಡಿದ ಕಸೂತಿ. ಒಳ್ಳೆಯ ಕಸೂತಿಯಲ್ಲಿ ಹಕ್ಕಿಯ ಮೈ ಬಟ್ಟೆಯಿಂದ ಸ್ವಲ್ಪ ಉಬ್ಬಿಕೊಂಡಿರುತ್ತದೆ. ಬೆರಳಾಡಿಸಿದರೆ ಗೊತ್ತಾಗುತ್ತದೆ. ಪಟ್ಟಿಯ ಸುತ್ತ ಹುರಿಗೊಳಿಸಿದ ಬೆಳ್ಳಿ ದಾರ, ಕಾಲರ್‌ನ ಅಂಚಿಗೂ ಅದೇ ದಾರ. ಕೈಯಿಂದ ಮಾಡಿದ್ದಾದ್ದರಿಂದ ಒಂದೇ ಜೋಡಿಯ ಎಡ ಬಲ ಪಟ್ಟಿಗಳಲ್ಲೂ ಒಂದೆರಡು ಹೊಲಿಗೆ ಹೆಚ್ಚುಕಡಿಮೆ ಇರುತ್ತದೆ.

ಓದುವಾಗ ಮೊದಲು ನೋಡಬೇಕಾದ್ದು ಹಿನ್ನೆಲೆಯ ಬಣ್ಣ. ಅದು ವಿಭಾಗವನ್ನು ಹೇಳುತ್ತದೆ. ಹಳದಿ ಅಂದರೆ ಹಾರುವ ಪಡೆ. ಕೆಂಪು ಅಂದರೆ ವಿಮಾನ ಹೊಡೆದುರುಳಿಸುವ ಫಿರಂಗಿ ಪಡೆ. ಕಂದು ಅಂದರೆ ಸಂಪರ್ಕ ವಿಭಾಗ, ಅಂದರೆ ರೇಡಿಯೋ, ಟೆಲಿಫೋನ್ ನೋಡಿಕೊಳ್ಳುವವರು. ಕಡುನೀಲಿ ವೈದ್ಯರಿಗೆ, ಗುಲಾಬಿ ಎಂಜಿನಿಯರ್‌ಗಳಿಗೆ, ಬಿಳಿ ಜನರಲ್‌ಗಳಿಗೆ. ಇಲ್ಲಿ ಎರಡು ಕಡೆ ಎಚ್ಚರ ಬೇಕು. ಹಳದಿ ಕಂಡ ತಕ್ಷಣ ಪೈಲಟ್ ಅನ್ನುವ ಹಾಗಿಲ್ಲ. ಜರ್ಮನಿಯಲ್ಲಿ ಪ್ಯಾರಾಟ್ರೂಪರ್‌ಗಳು ವಾಯುಪಡೆಗೆ ಸೇರಿದವರು, ಅವರಿಗೂ ಹಳದಿಯೇ. ವಿಮಾನ ರಿಪೇರಿ ಮಾಡುವ ಸಿಬ್ಬಂದಿಗೂ ಹಳದಿಯೇ. ಪೈಲಟ್ ಹೌದೋ ಅಲ್ಲವೋ ಅನ್ನುವುದನ್ನು ಎಡ ಎದೆಯ ಮೇಲಿನ ಪೈಲಟ್ ಬ್ಯಾಡ್ಜ್ ಹೇಳುತ್ತದೆ, ಕಾಲರ್ ಹೇಳುವುದಿಲ್ಲ. ಇನ್ನೊಂದು, ಬಿಳಿ ಕಂಡ ತಕ್ಷಣ ಜನರಲ್ ಅನ್ನುವ ಹಾಗಿಲ್ಲ. ಲುಫ್ಟ್‌ವಾಫೆಯ ಮುಖ್ಯಸ್ಥ ಗೋರಿಂಗ್ ತನ್ನ ಹೆಸರಿನ ಪಡೆಗೆ ಬಿಳಿ ಪಟ್ಟಿ ಕೊಟ್ಟಿದ್ದ. ಅಲ್ಲಿನ ಸಾಮಾನ್ಯ ಸೈನಿಕನ ಕಾಲರ್ ಮೇಲೂ ಬಿಳಿ ಇತ್ತು.

ಹಾಗಾದರೆ ಜನರಲ್‌ನನ್ನು ಗುರುತಿಸುವುದು ಹೇಗೆ? ಅದಕ್ಕೆ ಎರಡನೆಯ ಹೆಜ್ಜೆ: ಅಂಚು ಮತ್ತು ಎಳೆಯ ಬಣ್ಣ. ಬೆಳ್ಳಿ ಇದ್ದರೆ ಲೆಫ್ಟಿನೆಂಟ್‌ನಿಂದ ಕರ್ನಲ್‌ವರೆಗಿನ ಅಧಿಕಾರಿ. ಚಿನ್ನದ ಬಣ್ಣ ಇದ್ದರೆ ಜನರಲ್. ಪಟ್ಟಿಗೆ ದಾರವಿಲ್ಲದೆ, ಕಾಲರ್ ಅಂಚಿಗೆ ಮಾತ್ರ ಅಗಲವಾದ ಚಪ್ಪಟೆ ಪಟ್ಟೆ ಹೊಲಿದಿದ್ದರೆ ಅವನು ಹವಾಲ್ದಾರ್, ಸಾರ್ಜೆಂಟ್ ಮಟ್ಟದವನು. ಅದೂ ಇಲ್ಲದಿದ್ದರೆ ಸೈನಿಕ.

ಮೂರನೆಯದು ಓಕ್ ಎಲೆ. ಹಕ್ಕಿಗಳ ಕೆಳಗೆ ಅರ್ಧ ಮಾಲೆ ಇದ್ದರೆ ಕಿರಿಯ ಅಧಿಕಾರಿ. ಮಾಲೆ ಹಕ್ಕಿಗಳನ್ನು ಪೂರ್ತಿ ಸುತ್ತಿಕೊಂಡಿದ್ದರೆ ಮೇಜರ್ ಅಥವಾ ಅದಕ್ಕಿಂತ ಮೇಲೆ.

ಇಷ್ಟಾದ ಮೇಲೆ ಹಕ್ಕಿ ಎಣಿಸಿ. ಅರ್ಧ ಮಾಲೆಯ ಮೇಲೆ ಒಂದು ಹಕ್ಕಿ ಲೆಫ್ಟಿನೆಂಟ್, ಎರಡು ಫಸ್ಟ್ ಲೆಫ್ಟಿನೆಂಟ್, ಮೂರು ಕ್ಯಾಪ್ಟನ್. ಪೂರ್ತಿ ಮಾಲೆಯೊಳಗೆ ಒಂದು ಮೇಜರ್, ಎರಡು ಲೆಫ್ಟಿನೆಂಟ್ ಕರ್ನಲ್, ಮೂರು ಕರ್ನಲ್. ಆಮೇಲೆ ಹಿನ್ನೆಲೆ ಬಿಳಿಯಾಗಿ, ಎಳೆ ಚಿನ್ನವಾಗಿ ಲೆಕ್ಕ ಮತ್ತೆ ಒಂದರಿಂದ ಶುರು. ಗಾಲಂಡ್‌ಗೆ ಆದದ್ದು ಇದೇ. ಹಳದಿಯ ಮೇಲೆ ಬೆಳ್ಳಿಯ ಮೂರು ಹೋಗಿ, ಬಿಳಿಯ ಮೇಲೆ ಚಿನ್ನದ ಒಂದು ಬಂತು. ಜನರಲ್‌ಗಳಲ್ಲೂ ಮೂರು ಹಕ್ಕಿಯವರೆಗೆ ಮಾತ್ರ ಲೆಕ್ಕ. ಅದರ ಮೇಲೆ ಎಣಿಕೆ ನಿಂತು, ರೆಕ್ಕೆ ಹರಡಿದ ಒಂದೇ ದೊಡ್ಡ ಹದ್ದು ಬರುತ್ತದೆ. ಫೀಲ್ಡ್ ಮಾರ್ಷಲ್‌ಗೆ ಅದರ ಜೊತೆ ಅಡ್ಡಡ್ಡ ಇಟ್ಟ ಎರಡು ದಂಡ. 1940ರ ಜುಲೈ 19ರಂದು ಕೆಸೆಲ್‌ರಿಂಗ್, ಮಿಲ್ಶ್, ಸ್ಪೆರ್ಲೆ ಮೂವರಿಗೂ ಒಂದೇ ದಿನ ಆ ದಂಡ ಸಿಕ್ಕಿತು. ಗೋರಿಂಗ್‌ಗೆ ಅಂದೇ ಅವರೆಲ್ಲರಿಗಿಂತ ಮೇಲಿನ ರೈಖ್ಸ್‌ಮಾರ್ಷಲ್ ಪದವಿ.

ಒಂದು ಹಕ್ಕಿ ಕಂಡರೆ ಅದು ಸೈನಿಕನದೂ ಆಗಬಹುದು, ಸಾರ್ಜೆಂಟ್ ಮಟ್ಟದವನದೂ ಆಗಬಹುದು, ಲೆಫ್ಟಿನೆಂಟ್, ಮೇಜರ್, ಜನರಲ್ ಯಾರದೂ ಆಗಬಹುದು. ನನ್ನ ಪ್ರಕಾರ ಇದು ಜಾಣತನದ ವ್ಯವಸ್ಥೆ, ಆದರೆ ಕಲಿತವರಿಗೆ ಮಾತ್ರ. ಹೊರಗಿನವರಿಗೆ ತಲೆನೋವು.

ಹುದ್ದೆಯ ಹೆಸರು ಇನ್ನೊಂದು ಗೊಂದಲ. ಗಾಲಂಡ್‌ಗಿಂತ ಮುಂಚೆ ಫೈಟರ್ ಪಡೆಗಳ ಉಸ್ತುವಾರಿ ವರ್ನರ್ ಮೋಲ್ಡರ್ಸ್‌ನ ಕೈಯಲ್ಲಿತ್ತು. ಆ ಹುದ್ದೆಯ ಹೆಸರಲ್ಲೇ ಜನರಲ್ ಅನ್ನುವ ಪದ ಇತ್ತು. ಆದರೆ ಮೋಲ್ಡರ್ಸ್ 1941ರ ನವೆಂಬರ್‌ನಲ್ಲಿ ವಿಮಾನ ಅಪಘಾತದಲ್ಲಿ ಸಾಯುವಾಗ ದರ್ಜೆಯಲ್ಲಿ ಕರ್ನಲ್. ಕಾಲರ್ ಮೇಲೆ ಇದ್ದದ್ದು ಹಳದಿ ಪಟ್ಟಿ, ಮೂರು ಬೆಳ್ಳಿ ಹಕ್ಕಿ. ಕಾಲರ್ ದರ್ಜೆ ಹೇಳುತ್ತದೆ, ಹುದ್ದೆ ಹೇಳುವುದಿಲ್ಲ. ಫೋಟೋ ಕೆಳಗೆ ಜನರಲ್ ಅಂತ ಬರೆದಿದ್ದು ಚಿತ್ರದಲ್ಲಿ ಬೆಳ್ಳಿ ಕಂಡರೆ, ಚಿತ್ರವನ್ನೇ ನಂಬಿ.

ಭುಜಪಟ್ಟಿಯ ಜೊತೆ ತಾಳೆ ನೋಡುವವರಿಗೆ ಒಂದು ಮಾತು. ಜರ್ಮನ್ ಭುಜಪಟ್ಟಿಯಲ್ಲಿ ಲೆಫ್ಟಿನೆಂಟ್‌ಗೆ ನಕ್ಷತ್ರವೇ ಇಲ್ಲ, ಫಸ್ಟ್ ಲೆಫ್ಟಿನೆಂಟ್‌ಗೆ ಒಂದು, ಕ್ಯಾಪ್ಟನ್‌ಗೆ ಎರಡು. ಅಂದರೆ ಕಾಲರ್ ಹಕ್ಕಿಗಳ ಸಂಖ್ಯೆಗಿಂತ ಭುಜದ ನಕ್ಷತ್ರ ಯಾವಾಗಲೂ ಒಂದು ಕಡಿಮೆ. ಮೇಜರ್‌ನಿಂದ ಕರ್ನಲ್‌ವರೆಗೂ ಇದೇ ಲೆಕ್ಕ. ಎರಡೂ ಸಮ ಇದ್ದರೆ ಅಲ್ಲೇನೋ ಎಡವಟ್ಟಿದೆ ಅಂತ ಅರ್ಥ. ಜರ್ಮನ್ ಭೂಸೇನೆಯ ಬಹುಪಾಲು ಅಧಿಕಾರಿಗಳ ಕಾಲರ್ ಮಾತ್ರ ದರ್ಜೆಯ ವಿಷಯದಲ್ಲಿ ಮೂಕ. ಅಲ್ಲಿ ಭುಜವನ್ನೇ ನೋಡಬೇಕು.

ವಿಮಾನ ಹತ್ತುವಾಗ ಈ ಚಂದದ ಕಸೂತಿಗೆಲ್ಲ ಬೆಲೆ ಇರಲಿಲ್ಲ. ಹಾರಾಟದ ದಪ್ಪ ಸೂಟ್ ಹಾಕಿದರೆ ಕಾಲರ್, ಭುಜ ಎರಡೂ ಮುಚ್ಚಿಹೋಗುತ್ತವೆ. ಅದಕ್ಕೆ ಸೂಟ್‌ನ ತೋಳಿನ ಮೇಲೆ ಬಟ್ಟೆಯ ರೆಕ್ಕೆ ಮತ್ತು ಅಡ್ಡಪಟ್ಟೆಗಳನ್ನು ಹಚ್ಚುತ್ತಿದ್ದರು. ಉತ್ತರ ಆಫ್ರಿಕಾದ ಬಿಸಿಲಿಗೆ ಕೊಟ್ಟ ತೆಳು ಉಡುಪಿನಲ್ಲಿ ಸಾಮಾನ್ಯವಾಗಿ ಕಾಲರ್ ಪಟ್ಟಿಯೇ ಇರುತ್ತಿರಲಿಲ್ಲ, ಬರೀ ಭುಜಪಟ್ಟಿ.

ಸೋವಿಯತ್ ಒಕ್ಕೂಟಕ್ಕೆ ಬಂದರೆ ಹಕ್ಕಿ, ಮಾಲೆ ಯಾವುದೂ ಇಲ್ಲ. ಪೂರ್ತಿ ರೇಖಾಗಣಿತ. 1917ರ ಕ್ರಾಂತಿ ಮಾಡಿದವರಿಗೆ ತ್ಸಾರ್ ಕಾಲದ ಭುಜಪಟ್ಟಿ ಕಂಡರೆ ಆಗುತ್ತಿರಲಿಲ್ಲ. ಅದು ಹಳೆಯ ದೊರೆಗಳ ಗುರುತು. ಭುಜ ಖಾಲಿಯಾಯಿತು, ಹೊರೆಯೆಲ್ಲ ಕಾಲರ್ ಮೇಲೆ ಬಿತ್ತು. ವಾಯುಪಡೆಗೆ ತಿಳಿನೀಲಿ ಪಟ್ಟಿ, ಅದರ ಮೇಲೆ ರೆಕ್ಕೆಯಿರುವ ಪ್ರೊಪೆಲ್ಲರ್. 1935ರ ಸೆಪ್ಟೆಂಬರ್‌ನಲ್ಲಿ ದರ್ಜೆಗಳನ್ನು ಹೊಸದಾಗಿ ಗೊತ್ತುಮಾಡಿದಾಗ ಲೆಫ್ಟಿನೆಂಟ್‌ಗಳಿಗೆ ಕೆಂಪು ಎನಾಮೆಲ್‌ನ ಪುಟ್ಟ ಚೌಕಗಳು, ಕ್ಯಾಪ್ಟನ್‌ನಿಂದ ಕರ್ನಲ್‌ವರೆಗೆ ಉದ್ದ ಆಯತಗಳು, ಅದಕ್ಕೂ ಮೇಲಿನವರಿಗೆ ವಜ್ರಾಕೃತಿಗಳು ಬಂದವು. 1937ರಲ್ಲಿ ಉತ್ತರ ಧ್ರುವದ ಮೇಲಿಂದ ಅಮೆರಿಕಕ್ಕೆ ಹಾರಿ ಹೆಸರು ಮಾಡಿದ ವಲೇರಿ ಚ್ಕಾಲೊವ್ 1938ರಲ್ಲಿ ತೀರಿಕೊಳ್ಳುವಾಗ ಬ್ರಿಗೇಡ್ ಕಮಾಂಡರ್ ದರ್ಜೆಯಲ್ಲಿದ್ದ. ಆ ದರ್ಜೆಗೆ ಕಾಲರ್ ಮೇಲೆ ಒಂದು ವಜ್ರಾಕೃತಿ.

ಅಂಚಿಗೆ ಇಲ್ಲೂ ಕೆಲಸವಿದೆ. ಪಡೆ ನಡೆಸುವ ಅಧಿಕಾರಿಯ ಪಟ್ಟಿಗೆ ಚಿನ್ನದ ಅಂಚು. ಪಕ್ಷದ ಪರವಾಗಿ ಕೂತ ರಾಜಕೀಯ ಅಧಿಕಾರಿಗೂ ತಾಂತ್ರಿಕ ಸಿಬ್ಬಂದಿಗೂ ಕಪ್ಪು ಅಂಚು. ಒಳಗಿನ ಆಯತಗಳ ಸಂಖ್ಯೆ ಒಂದೇ ಇದ್ದರೂ ಅಧಿಕಾರ ಬೇರೆ ಬೇರೆ.

ಸೋವಿಯತ್ ಕಾಲರ್‌ನ ದೊಡ್ಡ ಉಪಯೋಗ ಅಂದರೆ ಫೋಟೋದ ಕಾಲ ಗೊತ್ತುಮಾಡುವುದು. ನಿಯಮಗಳು ಅಷ್ಟು ಬೇಗ ಬೇಗ ಬದಲಾದವು. 1940ರ ಮೇ ತಿಂಗಳಲ್ಲಿ ಜನರಲ್ ಅನ್ನುವ ದರ್ಜೆ ವಾಪಸ್ ಬಂತು, ವಜ್ರಾಕೃತಿ ಹೋಗಿ ನಕ್ಷತ್ರ ಬಂತು. ಕರ್ನಲ್‌ಗಳ ಕಥೆ ಇನ್ನೂ ಮಜಾ. ಮೊದಲು ಮೂರು ಆಯತ ಅಂದರೆ ಕರ್ನಲ್. ಆಮೇಲೆ ಲೆಫ್ಟಿನೆಂಟ್ ಕರ್ನಲ್ ಅನ್ನುವ ಹೊಸ ದರ್ಜೆಯನ್ನು ನಡುವೆ ತೂರಿಸಿದರು. ಮೂರು ಆಯತ ಅವನ ಪಾಲಾಯಿತು, ಕರ್ನಲ್‌ಗೆ ನಾಲ್ಕು ಕೊಟ್ಟರು. ಹಾಗಾಗಿ 1938ರ ಚಿತ್ರದಲ್ಲಿ ಮೂರು ಆಯತ ಕಂಡರೆ ಕರ್ನಲ್, 1941ರ ಚಿತ್ರದಲ್ಲಿ ಕಂಡರೆ ಲೆಫ್ಟಿನೆಂಟ್ ಕರ್ನಲ್. ಗುರುತು ಅದೇ, ಮನುಷ್ಯ ಬೇರೆ.

1941ರಲ್ಲಿ ಜರ್ಮನಿ ದಾಳಿ ಮಾಡಿದ ಮೇಲೆ ಕೆಂಪು ಎನಾಮೆಲ್ ಪ್ರಾಣಕ್ಕೆ ಕುತ್ತಾಯಿತು. ದೂರದಿಂದ ಮಿನುಗುವ ಕಾಲರ್ ಅಂದರೆ ಅಧಿಕಾರಿ ಇಲ್ಲಿದ್ದಾನೆ, ಹೊಡೆಯಿರಿ ಅಂತ ಕೂಗಿ ಹೇಳಿದ ಹಾಗೆ. ಅದೇ ಆಗಸ್ಟ್‌ನಲ್ಲಿ ರಣರಂಗಕ್ಕೆ ಖಾಕಿ ಹಸಿರಿನ ಪಟ್ಟಿ, ಅದರ ಮೇಲೆ ಹಸಿರು ಬಣ್ಣ ಬಳಿದ ಚೌಕ, ಆಯತ ಅಂತ ಆದೇಶ ಹೊರಟಿತು. ಎಲ್ಲರಿಗೂ ಹೊಸದು ಸಿಗಲಿಲ್ಲ, ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡರು. ಹಾಗಾಗಿ ಆ ಕಾಲದ ಒಂದೇ ಗುಂಪುಚಿತ್ರದಲ್ಲಿ ಮಿನುಗುವ ಗುರುತೂ ಮಂಕಾದ ಗುರುತೂ ಅಕ್ಕಪಕ್ಕ ಕಂಡರೆ ಗಾಬರಿ ಬೇಡ. 1943ರ ಜನವರಿಯಲ್ಲಿ ಸ್ಟಾಲಿನ್ ಭುಜಪಟ್ಟಿಯನ್ನೇ ಮರಳಿ ತಂದ. ಯಾವ ಗುರುತನ್ನು ಕಿತ್ತೆಸೆದು ಕ್ರಾಂತಿ ಮಾಡಿದ್ದರೋ ಅದೇ ವಾಪಸ್! ದರ್ಜೆ ಕಾಲರ್ ಬಿಟ್ಟು ಭುಜಕ್ಕೆ ಹೋಯಿತು. ಅಲೆಕ್ಸಾಂಡರ್ ಪೊಕ್ರಿಶ್ಕಿನ್‌ನಂಥ ಪೈಲಟ್‌ಗಳು ಯುದ್ಧ ಶುರು ಮಾಡಿದ್ದು ಕಾಲರ್ ಚೌಕಗಳ ಜೊತೆ, ಮುಗಿಸಿದ್ದು ಭುಜಪಟ್ಟಿಯ ಜೊತೆ.

ಅಮೆರಿಕದವರದು ಸರಳ ದಾರಿ. ಎರಡನೇ ಮಹಾಯುದ್ಧದಲ್ಲಿ ಅವರ ವಾಯುಪಡೆ ಇನ್ನೂ ಭೂಸೇನೆಯ ಭಾಗ. ಅಧಿಕಾರಿಯ ಕೋಟಿನ ಕಾಲರ್ ಮೇಲೆ ಯು.ಎಸ್. ಅನ್ನುವ ಅಕ್ಷರಗಳು, ಅದರ ಕೆಳಗೆ ಮಡಿಕೆಯ ಮೇಲೆ ವಿಭಾಗದ ಗುರುತು. ವಾಯು ವಿಭಾಗಕ್ಕೆ ಚಿನ್ನದ ಬಣ್ಣದ ರೆಕ್ಕೆ, ನಡುವೆ ನೆಟ್ಟಗೆ ನಿಂತ ಬೆಳ್ಳಿ ಬಣ್ಣದ ಪ್ರೊಪೆಲ್ಲರ್. ದರ್ಜೆ ಭುಜದ ಮೇಲೆ. ವಾಯುನೆಲೆಯಲ್ಲೇ ಕೆಲಸ ಮಾಡಿದರೂ ವೈದ್ಯನ ಕಾಲರ್ ಮೇಲೆ ಪ್ರೊಪೆಲ್ಲರ್ ಇರಲ್ಲ, ಹಾವು ಸುತ್ತಿದ ದಂಡ ಇರುತ್ತದೆ. ಸೆಕೆಗೆ ಕೋಟು ಬಿಚ್ಚಿ ಬರೀ ಶರ್ಟಿನಲ್ಲಿದ್ದಾಗ ಮಾತ್ರ ಏರ್ಪಾಡು ಬದಲು: ಬಲ ಕಾಲರ್ ಮೇಲೆ ದರ್ಜೆ, ಎಡ ಕಾಲರ್ ಮೇಲೆ ವಿಭಾಗ. ಅಲ್ಲಿ ಒಂದು ಚಿನ್ನದ ಓಕ್ ಎಲೆ ಕಂಡರೆ ಮೇಜರ್, ಬೆಳ್ಳಿಯದಾದರೆ ಲೆಫ್ಟಿನೆಂಟ್ ಕರ್ನಲ್. ಹೌದು, ಇಲ್ಲಿ ಬೆಳ್ಳಿ ಚಿನ್ನಕ್ಕಿಂತ ಮೇಲೆ. ಜರ್ಮನ್ ಲೆಕ್ಕ ತಲೆಯಲ್ಲಿಟ್ಟುಕೊಂಡು ಅಮೆರಿಕದ ಫೋಟೋ ನೋಡಿದರೆ ಎಲ್ಲ ಉಲ್ಟಾ. 1947ರಲ್ಲಿ ಅಲ್ಲಿ ಸ್ವತಂತ್ರ ವಾಯುಪಡೆ ಹುಟ್ಟಿತು. ಮುಂದೆ ನೀಲಿ ಸಮವಸ್ತ್ರ ಬಂದಾಗ ಪ್ರೊಪೆಲ್ಲರ್ ಬಿಟ್ಟು ಯು.ಎಸ್. ಮಾತ್ರ ಉಳಿಸಿಕೊಂಡರು. ಪಡೆಯೇ ಬೇರೆಯಾದ ಮೇಲೆ ವಿಭಾಗದ ಗುರುತು ಇನ್ಯಾಕೆ?

ಬ್ರಿಟನ್‌ನಲ್ಲಿ ಕಾಲರ್‌ಗೆ ಹೆಚ್ಚು ಕೆಲಸವಿಲ್ಲ. 1912ರಲ್ಲಿ ಶುರುವಾದ ರಾಯಲ್ ಫ್ಲೈಯಿಂಗ್ ಕೋರ್ ಭೂಸೇನೆಯ ಅಂಗವಾದ್ದರಿಂದ ಅದರ ಅಧಿಕಾರಿಗಳಿಗೆ ಭೂಸೇನೆಯ ರೂಢಿಯಂತೆ ಕಾಲರ್ ಬ್ಯಾಡ್ಜ್ ಇತ್ತು. 1918ರ ಏಪ್ರಿಲ್ 1ರಂದು ಅದೂ ನೌಕಾಪಡೆಯ ವಿಮಾನ ವಿಭಾಗವೂ ಸೇರಿ ರಾಯಲ್ ಏರ್ ಫೋರ್ಸ್ ಆಯಿತು. ದರ್ಜೆ ತೋರಿಸಲು ನೌಕಾಪಡೆಯವರ ಹಾಗೆ ತೋಳಿನ ತುದಿಗೆ ಸುತ್ತುಪಟ್ಟೆ ಹಾಕಿದರು. ಕಾಲರ್ ಸುಮ್ನೆ ಖಾಲಿ. ಎರಡನೇ ಮಹಾಯುದ್ಧದ ಶುರುವಿನ ಚಿತ್ರಗಳಲ್ಲಿ ಕೆಲವರ ಕಾಲರ್ ಮೇಲೆ ಪುಟ್ಟ ಹಿತ್ತಾಳೆ ಅಕ್ಷರ ಕಾಣುತ್ತದೆ. ವಿ.ಆರ್. ಇದ್ದರೆ ಸ್ವಯಂಸೇವಕ ಮೀಸಲು ಪಡೆ, ಎ ಇದ್ದರೆ ಸಹಾಯಕ ವಾಯುಪಡೆ. ಅಂದರೆ ಖಾಯಂ ನೌಕರಿಯವನಲ್ಲ. ಫೈಟರ್ ಪೈಲಟ್‌ಗಳು ಕೋಟಿನ ಮೇಲಿನ ಗುಂಡಿ ಹಾಕದೆ ಓಡಾಡುತ್ತಿದ್ದರು. ಯಾವ ನಿಯಮದಲ್ಲೂ ಇಲ್ಲದ ಈ ಬಿಚ್ಚಿದ ಗುಂಡಿ ಎಲ್ಲ ಬ್ಯಾಡ್ಜ್‌ಗಿಂತ ಜೋರಾಗಿ ಮಾತಾಡುತ್ತಿತ್ತು.

ಇಟಲಿಯಲ್ಲಿ ಕಾಲರ್ ಮೇಲೆ ಐದು ಮೂಲೆಯ ನಕ್ಷತ್ರ. ಅದನ್ನು ನೋಡಿ ದರ್ಜೆ ಹುಡುಕಬೇಡಿ. ಅಲ್ಲಿನ ಎಲ್ಲ ಸಶಸ್ತ್ರ ಪಡೆಗಳ ಎಲ್ಲರಿಗೂ ಅದೇ ನಕ್ಷತ್ರ, ದರ್ಜೆ ತೋಳಿನಲ್ಲಿದೆ. ಜಪಾನ್‌ಗೆ ಸ್ವತಂತ್ರ ವಾಯುಪಡೆ ಇರಲೇ ಇಲ್ಲ. ಭೂಸೇನೆಯ ಪೈಲಟ್‌ಗೆ ಭೂಸೇನೆಯ ಕಾಲರ್, ನೌಕಾಪಡೆಯವನಿಗೆ ನೌಕಾಪಡೆಯದು. ಜಪಾನಿ ಭೂಸೇನೆ 1938ರಲ್ಲಿ ದರ್ಜೆಯನ್ನು ಭುಜದಿಂದ ಕಾಲರ್‌ಗೆ ತಂದಿತು. 1943ರಲ್ಲಿ ರಷ್ಯನ್ನರು ಮಾಡಿದ್ದಕ್ಕೆ ಸರಿಯಾಗಿ ತದ್ವಿರುದ್ಧ.

ಇಷ್ಟೆಲ್ಲ ಕಲಿತು ಹಳೆಯ ಫೋಟೋ ಮುಂದೆ ಕೂತರೆ ಮೊದಲು ಎದುರಾಗುವ ತೊಡಕು ಬಣ್ಣದ್ದು. ಕಪ್ಪು ಬಿಳುಪು ಚಿತ್ರದಲ್ಲಿ ಹಳದಿ ತಿಳಿಯಾಗಿ, ಕೆಂಪು ಗಾಢವಾಗಿ ಕಾಣಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಆ ಕಾಲದಲ್ಲಿ ಎರಡು ಬಗೆಯ ಫಿಲ್ಮ್ ಚಾಲ್ತಿಯಲ್ಲಿದ್ದವು. ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಎಲ್ಲ ಬಣ್ಣಗಳನ್ನೂ ಹಿಡಿಯುತ್ತದೆ. ಆರ್ಥೋಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಕಾಣುವುದೇ ಇಲ್ಲ. ಅದರಲ್ಲಿ ಕೆಂಪು ಹೆಚ್ಚುಕಡಿಮೆ ಕಪ್ಪಾಗುತ್ತದೆ, ಹಳದಿಯೂ ಮಬ್ಬಾಗುತ್ತದೆ, ನೀಲಿ ಬಿಳಿಚಿಕೊಳ್ಳುತ್ತದೆ. ಹಾಗಾಗಿ ಲುಫ್ಟ್‌ವಾಫೆಯ ಗಾಢ ಪಟ್ಟಿ ನೋಡಿ ಫಿರಂಗಿ ಪಡೆ ಅಂತ ತೀರ್ಪು ಕೊಡುವ ಮುಂಚೆ ಚಿತ್ರದಲ್ಲಿ ಗೊತ್ತಿರುವ ಬಣ್ಣ ಬೇರೆ ಏನಾದರೂ ಇದೆಯಾ ನೋಡಬೇಕು. ಐರನ್ ಕ್ರಾಸ್ ಅನ್ನುವ ಜರ್ಮನ್ ಪದಕದ ರಿಬ್ಬನ್ ಗುಂಡಿಯ ಪಕ್ಕ ಕಾಣುತ್ತಿದ್ದರೆ ಸುಲಭ. ಅದರಲ್ಲಿ ಕೆಂಪು, ಬಿಳಿ, ಕಪ್ಪು ಮೂರೂ ಇವೆ. ರಿಬ್ಬನ್‌ನ ಕೆಂಪೂ ಕಪ್ಪೂ ಒಂದೇ ಥರ ಕಂಡರೆ ಆ ಫಿಲ್ಮ್ ಕೆಂಪನ್ನು ನುಂಗಿದೆ.

ಎರಡನೆಯದು, ಪ್ರಿಂಟ್ ಹಾಕುವಾಗ ನೆಗೆಟಿವ್ ತಿರುಗುಮುರುಗಾಗಿರುವುದು. ಕಾಲರ್ ಪಟ್ಟಿಗಳು ಒಂದಕ್ಕೊಂದು ಕನ್ನಡಿಯ ಹಾಗಿರುವುದರಿಂದ ಅವನ್ನು ನೋಡಿ ಇದು ಪತ್ತೆಯಾಗಲ್ಲ. ಲುಫ್ಟ್‌ವಾಫೆಯ ಹದ್ದು ಬಲ ಎದೆಯ ಮೇಲಿರಬೇಕು, ಪೈಲಟ್ ಬ್ಯಾಡ್ಜ್ ಎಡಕ್ಕಿರಬೇಕು. ಗಂಡಸರ ಕೋಟಿನಲ್ಲಿ ಎಡಭಾಗ ಬಲದ ಮೇಲೆ ಬರುತ್ತದೆ. ಇವೆಲ್ಲ ಅದಲು ಬದಲಾಗಿದ್ದರೆ ಚಿತ್ರವೇ ಉಲ್ಟಾ. ಅಮೆರಿಕದ ಶರ್ಟ್ ಚಿತ್ರದಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಅಲ್ಲಿ ಬಲ ಎಡ ಬದಲಾದರೆ ದರ್ಜೆ ಮತ್ತು ವಿಭಾಗದ ಜಾಗವೇ ಬದಲಾಗುತ್ತದೆ.

ಇನ್ನು ಪಟ್ಟಿಯನ್ನೇ ಕೊಳ್ಳಲು ಹೊರಟವರಿಗೆ. ನಕಲಿ ಜಾಸ್ತಿ, ಅದರಲ್ಲೂ ಲುಫ್ಟ್‌ವಾಫೆ ಅಧಿಕಾರಿಗಳದು. ಸಂಗ್ರಹಕಾರರು ಕತ್ತಲೆ ಕೋಣೆಯಲ್ಲಿ ಅತಿನೇರಳೆ ದೀಪ ಹಾಯಿಸಿ ನೋಡುತ್ತಾರೆ. ಯುದ್ಧದ ನಂತರದ ನೂಲು, ದಾರಗಳಲ್ಲಿ ಬಟ್ಟೆ ಬೆಳ್ಳಗೆ ಕಾಣಲು ಹಾಕುವ ರಾಸಾಯನಿಕ ಇದ್ದರೆ ಆ ಬೆಳಕಿಗೆ ಹೊಳೆಯುತ್ತದೆ. ಆದರೆ ಇದನ್ನೇ ಕಣ್ಣು ಮುಚ್ಚಿ ನಂಬಬೇಡಿ. ಅಸಲಿ ಪಟ್ಟಿಯನ್ನು ಈಗಿನ ಸೋಪಿನ ಪುಡಿಯಲ್ಲಿ ಒಗೆದಿದ್ದರೆ ಅದೂ ಹೊಳೆಯಬಹುದು. ಹೊಳೆಯದ ನೂಲು ಹುಡುಕಿ ತಂದು ನಕಲಿ ಮಾಡುವುದೂ ಕಷ್ಟವೇನಲ್ಲ. ಪಟ್ಟಿಯ ಹಿಂಭಾಗ ನೋಡುವುದು ಮೇಲು. ಕಾಲರ್‌ಗೆ ಹೊಲಿದು ವರ್ಷಗಟ್ಟಲೆ ತೊಟ್ಟದ್ದಾದರೆ ಅಂಚಿನುದ್ದಕ್ಕೂ ಸೂಜಿ ತೂತು ಇರುತ್ತವೆ. ಮುಂದಿನ ಬಟ್ಟೆ ಬಿಸಿಲಿಗೆ ಮಾಸಿದ್ದರೂ ಹಿಂದೆ ಮಡಚಿದ ಭಾಗದಲ್ಲಿ ಮೂಲ ಬಣ್ಣ ಗಾಢವಾಗಿ ಉಳಿದಿರುತ್ತದೆ. ಎರಡೂ ಕಡೆ ಒಂದೇ ಸಮ ಮಾಸಿದ್ದರೆ ಅದನ್ನು ಬೇಕಂತಲೇ ಹಳತು ಮಾಡಿರುವ ಸಾಧ್ಯತೆ ಇದೆ, ದುಡ್ಡು ಕೊಡುವ ಮುಂಚೆ ಯೋಚಿಸಿ.